ಬೇಸಿಗೆಯಲ್ಲೂ ಚಳಿ: ನನ್ನ ಥೈರಾಯ್ಡಿನ ದಿನಗಳು

ಊರಿಗೆ ಹೊಸದಾದ ಕಾಯಿಲೆ ಬಂದರೆ ರೋಗಿಗಿಂತ ನೋಡಿದವರಿಗೇ ಕೆಲಸ ಹೆಚ್ಚು. ತೊಂಬತ್ತರ ದಶಕದ ಕೊಟ್ಟೂರಿನಲ್ಲಿ ನನ್ನ ಥೈರಾಯ್ಡ್ ಅಂಥದ್ದು. ಹೆಸರು ಹೇಳಿದರೆ "ಅದು ಹೆಂಗಸರಿಗೆ ಬರೋದಲ್ಲೇನ್ರಿ?" ಎನ್ನುವವರೇ ಎಲ್ಲ. ಸುಸ್ತು, ಚಳಿ, ಊದಿದ ಮುಖ, ಒಡಕು ದನಿ. ದಾವಣಗೆರೆಯ ಡಾಕ್ಟರು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಲು ಒಂದು ಮಾತ್ರೆ ಬರೆದರು. ನುಂಗುತ್ತ ತಿಂಗಳುಗಳೇ ಕಳೆದವು, ಕಾಯಿಲೆ ಇದ್ದಲ್ಲೇ ಇತ್ತು. ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು. ಒಂದು ಪಾಠ ನಿಂತು ಮುಗಿಸಿದರೆ ಮುಂದಿನದಕ್ಕೆ ಕುರ್ಚಿ ಬೇಕು. ಇನ್ನು ಬದುಕೆಲ್ಲ ಹೀಗೆಯೇನೋ ಎಂಬ ಹೆದರಿಕೆಯನ್ನು ಮನೆಯಲ್ಲೂ ಹೇಳಿರಲಿಲ್ಲ.

ಕಂಡಕ್ಟರನ ಅನುಮಾನ

ಯುಗಾದಿ ಕಳೆದಿತ್ತು. ಹರಪನಹಳ್ಳಿ ಬಸ್ಸಿನಲ್ಲಿ ಜನ ಪೇಪರು, ಟವೆಲು ಸಿಕ್ಕಿದ್ದರಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ, ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಹಿಂದಿನ ಸೀಟಿನ ಅಜ್ಜಿ, "ಯಪ್ಪಾ, ಕಿಟಕಿ ತಗೀಪಾ, ಜೀವ ಹೋಗಾಕತ್ತೈತಿ" ಎಂದಳು.

"ಚಳಿ, ಅಜ್ಜಿ" ಎಂದೆ.

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸರ, ಇದು ಹರಪನಹಳ್ಳಿ ಬಸ್ರಿ. ಊಟಿಗೆ ಹೋಗೋರು ತಪ್ಪಿ ಹತ್ತೀರೇನು?"

ಸಮಾಧಾನ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಸಹಪಾಠಿ ಸಿಕ್ಕ. ನನ್ನ ಮುಖ ನೋಡಿ, "ಹಿಂಗ್ಯಾಕಾಗೀಯಲೇ?" ಎಂದ. "ಏನಿಲ್ಲ" ಎಂದೆ. ದನಿ ಕೇಳಿದ್ದೇ ತಡ, ನನ್ನ ಕೈ ಹಿಡಿದುಕೊಂಡು ಹೋಟೆಲಿಗೆ ಎಳೆದೊಯ್ದ.

"ಅಳಬ್ಯಾಡಲೇ. ಹುಟ್ಟಿದ ಮ್ಯಾಲೆ ಎಲ್ಲಾರೂ ಹೋಗೋರ. ಇವತ್ತು ಅವರು, ನಾಳೆ ನಾವು."

ನಾನು ಬಾಯಿ ತೆರೆದಾಗಲೆಲ್ಲ, "ಮಾತಾಡಬ್ಯಾಡ, ದುಃಖ ಉಕ್ಕತೈತಿ" ಎನ್ನುವನು. ಮಂಡಕ್ಕಿ ಮಿರ್ಚಿ ತಿನ್ನಿಸಿದ, ಚಹಾ ಕುಡಿಸಿದ, ತಾನೇ ಕಣ್ಣೊರೆಸಿಕೊಂಡ. ನನ್ನನ್ನು ಬಸ್ಸು ಹತ್ತಿಸುವಾಗ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಅಂದಂಗ, ಹೋದೋರು ಯಾರಲೇ?"

ತಂಪಿಗೆ

ಮತ್ತೆ ದಾವಣಗೆರೆಗೆ ಹೋದಾಗ ಹೆಂಡತಿಯೂ ಬಂದಳು. ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ಡೋಸ್ ಇನ್ನೂ ಜಾಸ್ತಿ ಮಾಡ್ಬೇಕಾಗುತ್ತೆ. ಮಾತ್ರೆ ಸರಿಯಾಗಿ ತಗೊಳ್ತಿದೀರಾ?"

"ಒಂದು ದಿನವೂ ತಪ್ಪಿಸಿಲ್ಲ. ಖಾಲಿ ಹೊಟ್ಟೆಗೆ, ನೀರಿನಲ್ಲಿ."

"ಮ್ಯಾಲೊಂದು ಲೋಟ ಹಾಲ್ರಿ" ಎಂದಳು ಹೆಂಡತಿ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಇಂಗ್ಲಿಷ್ ಮಾತ್ರಿ ಉಷ್ಣ ಅಂತ ನಮ್ಮ ಅತ್ತಿಯಾರು ಹಿಂದನ ಹಾಲು ಕೊಡ್ತಾರ್ರಿ. ತಂಪಿಗೆ."

"ಚಳಿ ಚಳಿ ಅಂತ ಬಂದೋರಿಗೆ ತಂಪಾ?"

ಹಿಂದೆಯೇ ಹಾಲು ಕುಡಿದರೆ ಈ ಮಾತ್ರೆ ಮೈಗೆ ಹತ್ತುವುದಿಲ್ಲವಂತೆ. ಡಾಕ್ಟರು ಡೋಸ್ ಹೆಚ್ಚಿಸಲಿಲ್ಲ, ಹಾಲನ್ನು ಸಂಜೆಗೆ ದೂಡಿದರು. ಮನೆಯಲ್ಲಿ ಅವ್ವನಿಗೆ ಸಿಟ್ಟು ಬಂತು. "ಹಾಲು ಕುಡದು ಕೆಟ್ಟೋರು ಯಾರದಾರ?"

ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಪೇಪರ್ ಓದುತ್ತಿದ್ದೆ. ಕುತ್ತಿಗೆ ಮುಟ್ಟಿ ನೋಡಿಕೊಂಡೆ, ಬೆವರು. "ಸೆಕಿ ಐತಿ, ಫ್ಯಾನ್ ಹಚ್ಚು" ಎಂದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹಿಟ್ಟುಗೈಯಲ್ಲೇ ಓಡಿ ಬಂದಳು.

"ಇನ್ನೊಮ್ಮೆ ಹೇಳ್ರಿ."

"ಸೆಕಿ ಐತಿ."

ಅವಳ ಕಣ್ಣು ತುಂಬಿತು. ನಾನೇ ಎದ್ದು ಫ್ಯಾನ್ ಹಚ್ಚಿದೆ. ಹಿತ್ತಲಿನಿಂದ ಅವ್ವ ಕೂಗಿದಳು: "ಏನಂತಲೇ ಅವಂದು?"

"ಸೆಕಿ ಅಂತ್ರಿ, ಅತ್ತಿ!"

ಅವ್ವ ಸೆರಗು ಸಿಗಿಸಿಕೊಂಡು ಒಳಗೆ ಬಂದಳು. ಮುಖದಲ್ಲಿ ಕೇಸು ಗೆದ್ದ ಕಳೆ.

"ನಾ ಅವತ್ತ ಹೇಳಿರಲಿಲ್ಲೇನು, ಆ ಮಾತ್ರಿ ಉಷ್ಣ ಅಂತ? ತಡಿ, ಹಾಲು ತರ್ತೀನಿ."