ನನ್ನ ಕ್ಯಾಮೆರಾಕ್ಕೆ ಸಿಕ್ಕವರು

ನಾನು ಫೋಟೊ ತೆಗೆದವರು ವರ್ಷ ತುಂಬುವುದರೊಳಗೆ ಸಾಯುತ್ತಾರೆ ಎಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನರೆಲ್ಲ ನಂಬಿದ್ದರು. ಹಳ್ಳಿಗಳನ್ನು ಸುತ್ತಿ, ಜನರ ಚಿತ್ರ ತೆಗೆದು ಪತ್ರಿಕೆಗೆ ಬರೆಯುವವನಿಗೆ ಇಂಥ ಕೀರ್ತಿ ತಾನಾಗಿಯೇ ಬರುತ್ತದೆ.

೧. ಗೋಡೆ

ಕುಪ್ಪೇಲೂರಿನ ಒಂದು ಮನೆಯಲ್ಲಿ ನೀರು ಕೇಳಿದೆ. ಪಡಸಾಲೆಯ ಗೋಡೆಯ ಮೇಲಿಂದ ಅಜ್ಜನೊಬ್ಬ ನನ್ನನ್ನೇ ದಿಟ್ಟಿಸುತ್ತಿದ್ದ. ಕೊರಳಿಗೆ ಗಂಧದ ಹಾರ. ನಾನೇ ತೆಗೆದ ಚಿತ್ರ. ಆಚೆ ಸರಿದೆ, ಈಚೆ ಸರಿದೆ. ಕಣ್ಣು ನನ್ನ ಹಿಂದೆಯೇ ಬಂತು. ಲೆನ್ಸನ್ನೇ ನೋಡು ಎಂದು ಅವನಿಗೆ ಹೇಳಿದ್ದವನೂ ನಾನೇ.

"ನೀವು ಬಂದು ಹೋದ ಮ್ಯಾಲೇ ಹೋದ್ರು ನೋಡ್ರಿ," ಎಂದಳು ಮನೆಯಾಕೆ. "ಫೋಟೊ ಮಾತ್ರ ಭಾಳ ಛಲೋ ಬಂದೈತಿ."

೨. ಬಸ್ಸು

ಕಾಗಿನೆಲೆ ಬಸ್ಸಿನಲ್ಲಿ ಲೆನ್ಸ್ ಒರೆಸಲು ಕ್ಯಾಮೆರಾ ಹೊರತೆಗೆದೆ. ಸುತ್ತಲಿನ ಸೀಟುಗಳು ಸದ್ದಿಲ್ಲದೆ ಖಾಲಿಯಾದವು. ಕಂಡಕ್ಟರ್ ದೂರದಿಂದಲೇ ಕೈಮುಗಿದ.

"ಸರ, ಅದನ್ನ ಲಗೂ ಒಳಗ ಇಡ್ರಿ. ಡ್ರೈವರ್ ಕನ್ನಡಿಯಾಗ ನಿಮ್ಮನ್ನ ನೋಡಾಕತ್ತಾನ, ರಸ್ತೆ ನೋಡವಲ್ಲ."

೩. ಮೆಣಸಿನಕಾಯಿ ಅಂಗಳ

ಕೊನೆಗೆ ಯಾರೂ ಮುಖ ಕೊಡದಂತಾಯಿತು. ಈ ವಾರ ಚಿತ್ರವಿಲ್ಲದಿದ್ದರೆ ಅಂಕಣ ಬಂದ್ ಎಂದರು ಸಂಪಾದಕರು. ಬ್ಯಾಡಗಿಗೆ ಹೋದೆ. ಅಂಗಳದ ತುಂಬ ಕೆಂಪು ಮೆಣಸಿನಕಾಯಿ. ತೊಟ್ಟು ಬಿಡಿಸುವ ಹೆಂಗಸರು ಘಾಟಿಗೆ ಮುಖ ಮುಚ್ಚಿ ಬಟ್ಟೆ ಕಟ್ಟಿದ್ದರು, ಕಾಣುವುದು ಕಣ್ಣಷ್ಟೇ. ನನ್ನನ್ನು ಕಂಡದ್ದೇ ಎಲ್ಲ ಕೈಗಳೂ ಒಮ್ಮೆಲೇ ನಿಂತವು. ಅಷ್ಟೂ ಕಣ್ಣು ನನ್ನ ಮೇಲೆ.

ಅಜ್ಜಿಯೊಬ್ಬಳು ಬಟ್ಟೆ ಬಿಚ್ಚಿದಳು. "ತಗಿಯಪಾ, ನೋಡೇ ಬಿಡೂಣು."

ಪಕ್ಕದಲ್ಲಿದ್ದ ಸೊಸೆ ಹೌಹಾರಿದಳು. "ಬ್ಯಾಡ್ರಿ ಅತ್ತಿ! ಬರೋ ವಾರ ನಿಮ್ಮ ಮೊಮ್ಮಗಳ ಮದುವಿ ಐತಿ. ಸೂತಕ ಬಂದ್ರ ಎಲ್ಲಾ ನಿಂತು ಹೋಕ್ಕೈತಿ." ನನ್ನ ಕಡೆ ತಿರುಗಿದಳು. "ಮದುವಿ ಮುಗೀಲ್ರಿ ಸರ. ಆಮ್ಯಾಲೆ ಎಷ್ಟ್ ಬೇಕಾದ್ರೂ ತಕ್ಕೋರಿ."

"ಕೇಳಿದ್ಯಾ?" ಎಂದಳು ಅಜ್ಜಿ. "ಈಗ ತಗಿ."

ತೆಗೆದೆ. ಕ್ಲಿಕ್ ಎಂದದ್ದೇ ಅಜ್ಜಿ ಮೆಣಸಿನಕಾಯಿ ರಾಶಿಯ ಮೇಲೆ ಒರಗಿದಳು. ಕಣ್ಣು ಮುಚ್ಚಿತು. ಅಂಗಳವೆಲ್ಲ ಬಾಯಿ ಬಡಿದುಕೊಂಡಿತು. ಯಾವುದನ್ನೂ ನಂಬದ ನಾನೂ ಅವಳ ಉಸಿರು ನೋಡಲು ಬಗ್ಗಿದೆ.

ಅಜ್ಜಿ ಒಂದೇ ಕಣ್ಣು ತೆರೆದಳು. "ಎಲ್ಲಾರೂ ಅತ್ರು. ಸೊಸಿ ಮಾತ್ರ ಛತ್ರದವಗ ಫೋನ್ ಹಚ್ಚಿದ್ಲು. ಇದನ್ನೂ ಪೇಪರ್‌ನ್ಯಾಗ ಹಾಕು."

ಮದುವೆಯಲ್ಲಿ ಅಜ್ಜಿ ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡಳು. ಈ ಸಲ ಕ್ಯಾಮೆರಾ ಕೆಟ್ಟಿರಬೇಕು ಎಂದಿತು ಊರು.

ನನ್ನ ಅಂಕಣ ಪ್ರತಿ ಊರಿನ ಅತ್ಯಂತ ಹಿರಿಯರ ಬಗ್ಗೆ. ತೊಂಬತ್ತು ದಾಟದವರ ಚಿತ್ರವನ್ನು ನಾನು ತೆಗೆದೇ ಇಲ್ಲ.