ಬಿಟ್ಟುಕೊಟ್ಟ ಸೀಟು

ಸೇತುರಾಮ ಮೇಷ್ಟ್ರು ಹೇಳುತ್ತ ಬಂದಿದ್ದ ಒಂದು ಸುಳ್ಳಿಗೆ ಅವರ ತಲೆಯಂತೆಯೇ ನರೆ ಬಂದಿತ್ತು. ಆ ದಿನ ಬೆಳಿಗ್ಗೆ ತ್ಯಾಗರಾಜನಗರದ ಪಾರ್ಕಿನಲ್ಲಿ ಅದನ್ನು ಮತ್ತೊಮ್ಮೆ ಹೇಳಿದ್ದೇ ತಪ್ಪಾಯಿತು.

ಬಡಾವಣೆ ಸಂಘದ ಅಧ್ಯಕ್ಷ ಚನ್ನಬಸವಯ್ಯ, "ಹೆಣ್ಮಕ್ಕಳಿಗೆ ಫಿಸಿಕ್ಸ್ ಆಗಿಬರಲ್ಲ ಸಾರ್. ಸಮಾನ ಅವಕಾಶ ಅನ್ನೋದೆಲ್ಲ ಬರೀ ಭಾಷಣ" ಎಂದರು.

ಫಿಸಿಕ್ಸ್ ಮೇಷ್ಟ್ರಾಗಿ ರಿಟೈರಾಗಿದ್ದ ಸೇತುರಾಮರಿಗೆ ರೇಗಿತು. "ನಮ್ಮ ಎಮ್ಮೆಸ್ಸಿ ಕ್ಲಾಸಲ್ಲಿ ಇದ್ದಿದ್ದು ಒಬ್ಬಳೇ ಹುಡುಗಿ, ಲತಾಮಣಿ ಅಂತ. ಸಂಶೋಧನೆಗೆ ಒಂದೇ ಸೀಟು, ಅದು ನನಗೆ ಸಿಕ್ಕಿತ್ತು. ಅವಳಿಗೂ ಅವಕಾಶ ಸಿಗ್ಲಿ ಅಂತ ಬಿಟ್ಟುಕೊಟ್ಟೆ. ದೊಡ್ಡ ವಿಜ್ಞಾನಿ ಆದಳು, ಗೊತ್ತಾ!"

ಚನ್ನಬಸವಯ್ಯನವರ ಕಣ್ಣು ಒದ್ದೆಯಾಯಿತು. ಅಲ್ಲೇ ಮೊಬೈಲ್ ತೆಗೆದು ನಾಲ್ಕಾರು ಕಡೆ ವಿಚಾರಿಸಿದರು. "ಸಾರ್, ಆಯಮ್ಮ ಜೆ.ಪಿ. ನಗರದಲ್ಲೇ ಇದ್ದಾರೆ! ಸಂಜೆ ನಮ್ಮ ವಿಜ್ಞಾನ ದಿನದ ಫಂಕ್ಷನ್‌ಗೆ ಬರ್ತಾರಂತೆ. ಅವರ ಕೈಲೇ ನಿಮಗೆ ಸನ್ಮಾನ!"

ಮೇಷ್ಟ್ರ ಮುಖ ಕರೆಂಟು ಹೋದ ಮನೆಯಂತಾಯಿತು. ನಿಜವಾಗಿ ಆ ಸೀಟಿನ ಸಂದರ್ಶನದಲ್ಲಿ ಅವರು ಬಾಯಿ ಬಿಡಲಾಗದೆ ಬೆವರೊರೆಸಿಕೊಂಡು ಎದ್ದುಬಂದಿದ್ದರು. ಸೀಟು ನೇರವಾಗಿ ಸಿಕ್ಕಿದ್ದು ಲತಾಮಣಿಗೇ.

ಮನೆಗೆ ಬಂದವರೇ ರಗ್ಗು ಹೊದ್ದು ಮಲಗಿ, ಜ್ವರವೆಂದು ನರಳಿದರು. ಹೆಂಡತಿ ಸರಸ್ವತಿ ಕೆಮಿಸ್ಟ್ರಿಯಲ್ಲಿ ಎಮ್ಮೆಸ್ಸಿ ಮಾಡಿದಾಕೆ. ಮೈ ಮುಟ್ಟಿ ನೋಡಿ ಅನುಮಾನಗೊಂಡು, ಪಕ್ಕದ ಮನೆಯ ಡಾಕ್ಟರ್ ದಿವ್ಯಳನ್ನು ಕರೆದರು.

"ಜ್ವರ ಏನೂ ಇಲ್ಲ ಅಂಕಲ್. ಸ್ಟೇಜ್ ಹತ್ತೋ ಭಯ ಅಷ್ಟೇ. ನಾನೂ ಮುಂದಿನ ಸಾಲಲ್ಲೇ ಕೂತಿರ್ತೀನಿ, ಧೈರ್ಯವಾಗಿ ಬನ್ನಿ" ಎಂದಳು ಅವಳು.

ಸಂಜೆ ಮೇಷ್ಟ್ರು ಹಿತ್ತಲ ಬಾಗಿಲಿನಿಂದ ಜಾರಿಕೊಂಡು, ಓಣಿಯ ಕೊನೆಯಲ್ಲಿ ನಿಂತಿದ್ದ ಆಟೋ ಹತ್ತಿ, "ಹೊಸಕೆರೆಹಳ್ಳಿ, ಬೇಗ!" ಎಂದರು.

ಡ್ರೈವರ್ ಮರೆಪ್ಪ ಹಲ್ಲುಬಿಟ್ಟ. "ತಮಾಷೆ ಮಾಡ್ಬೇಡಿ ಸಾರ್. ಅಧ್ಯಕ್ಷರು ನಿಮ್ಮನ್ನ ಕರ್ಕೊಂಡ್ ಬಾ ಅಂತಾನೇ ನನ್ನ ಕಳ್ಸಿರೋದು."

ಫಂಕ್ಷನ್ ಹಾಲ್ ಬಾಗಿಲಲ್ಲೇ ಲತಾಮಣಿ ನಿಂತಿದ್ದರು. ಕೂದಲು ಬೆಳ್ಳಗಾಗಿತ್ತು, ನಗು ಮಾತ್ರ ಅದೇ. ಮೇಷ್ಟ್ರಿಗೆ ಕಾಲೇಜಿನ ಡಾರ್ಕ್ ರೂಮು ಕಣ್ಣಮುಂದೆ ಬಂತು. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಆಕೆ ರೀಡಿಂಗ್ ಹೇಳುತ್ತಿದ್ದಳು, ಇವರು ಬರೆದುಕೊಳ್ಳುತ್ತಿದ್ದರು. ಬರೆಯುವುದಕ್ಕಿಂತ ಆ ದನಿ ಕೇಳುವುದೇ ಹೆಚ್ಚಾಗಿ, ಎಷ್ಟೋ ರೀಡಿಂಗು ತಪ್ಪುತ್ತಿದ್ದವು.

"ಏನ್ರೀ ಸೇತುರಾಮ್, ನನಗೆ ಸೀಟು ಬಿಟ್ಟುಕೊಟ್ರಂತೆ?" ಆಕೆ ಮೆಲ್ಲಗೆ ಕೇಳಿದರು.

"ತಪ್ಪಾಯ್ತು ಲತಾಮಣಿ."

"ಅವತ್ತು ಸಂದರ್ಶನದಲ್ಲಿ ನನ್ನನ್ನ ಮದುವೆ ಯಾವಾಗ, ಮಕ್ಕಳಾದ್ರೆ ಲ್ಯಾಬ್ ಬಿಡ್ತೀಯಾ ಅಂತೆಲ್ಲ ಕೇಳಿದ್ರು. ನಿಮ್ಮನ್ನ ಬರೀ ಫಿಸಿಕ್ಸ್ ಕೇಳಿದ್ರು. ಪಾಪ, ಅಲ್ಲೇ ಸಿಕ್ಕಿಹಾಕ್ಕೊಂಡ್ರಿ!"

ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಲೇ ಮೇಷ್ಟ್ರು ವೇದಿಕೆ ಹತ್ತಿದರು. ಪೇಟ ತೊಡಿಸಿದರು, ಶಾಲು ಹೊದಿಸಿದರು. ಲತಾಮಣಿ ಮೈಕ್ ಹಿಡಿದರು.

"ಹುಡುಗಿ ಜೊತೆ ಪ್ರಾಕ್ಟಿಕಲ್ ಮಾಡಿದ್ರೆ ನಗ್ತಾರೆ ಅಂತ ಕ್ಲಾಸಿನವರೆಲ್ಲ ದೂರ ಸರೀತಿದ್ರು. ನನ್ನ ಪಕ್ಕ ಬಂದು ನಿಂತದ್ದು ಸೇತುರಾಮ್ ಒಬ್ಬರೇ. ಅದನ್ನ ನಾನು ಮರೆತಿಲ್ಲ. ಇವರು ಸೀಟು ಬಿಟ್ಟುಕೊಟ್ಟಿದ್ದೂ ನಿಜ."

ಚಪ್ಪಾಳೆಗೆ ಹಾಲ್ ಅದುರಿತು. ಮೇಷ್ಟ್ರ ಕಣ್ಣಲ್ಲಿ ನೀರು. ಆದರೆ ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಕೈಕಟ್ಟಿ ಕೂತಿದ್ದರು. ಸರಸ್ವತಿ.

ಮನೆಗೆ ಬಂದೊಡನೆ ಆಕೆ ಕೇಳಿದರು, "ಮಗು ಹುಟ್ಟಿದ ವರ್ಷ ನನಗೂ ಪಿಎಚ್‌ಡಿಗೆ ಕರೆ ಬಂದಿತ್ತು. ಮಗೂನ ಯಾರು ನೋಡ್ಕೋತಾರೆ ಅಂತ ಕೇಳಿದ್ರಿ. ನಾನು ಸುಮ್ಮನಾದೆ. ಯಾರಿಗೋ ಸೀಟು ಬಿಟ್ಟುಕೊಟ್ಟವರಿಗೆ, ನನಗೋಸ್ಕರ ಒಂದು ತೊಟ್ಟಿಲು ತೂಗೋಕೆ ಆಗ್ಲಿಲ್ವಾ?"

ಮೇಷ್ಟ್ರು ಪೇಟ ಸಮೇತ ನಡುಗಿದರು. "ಅಯ್ಯೋ, ಆ ಸೀಟಿನ ಕತೆ ಸುಳ್ಳು ಕಣೇ! ನಾನು ಸಂದರ್ಶನದಲ್ಲಿ ಫೇಲಾಗಿದ್ದೆ!"

"ಇಷ್ಟು ವರ್ಷ ನಾನೂ ಸುಳ್ಳು ಅಂದ್ಕೊಂಡೇ ನೆಮ್ಮದಿಯಾಗಿದ್ದೆ. ನಿಮ್ಮ ಫಿಸಿಕ್ಸ್ ನನಗೆ ಗೊತ್ತಿಲ್ವಾ? ಆದ್ರೆ ಅಂಥಾ ವಿಜ್ಞಾನಿನೇ ಮೈಕಲ್ಲಿ ನಿಜ ಅಂದ್ಮೇಲೆ ನಿಮ್ಮ ಮಾತು ಯಾರು ನಂಬ್ತಾರೆ?" ಸರಸ್ವತಿ ಚಪ್ಪಲಿ ಮೆಟ್ಟಿದರು. "ಲತಾಮಣಿಯವರು ನನ್ನನ್ನ ಮನೆಗೆ ಕರೆದಿದ್ದಾರೆ. ಊಟ ಅಲ್ಲೇ. ನೀವು ಅನ್ನ ಮಾಡ್ಕೊಳ್ಳಿ."

ಒಂದು ಲೋಟ ಅಕ್ಕಿಗೆ ನೀರೆಷ್ಟು ಎಂದು ಮೇಷ್ಟ್ರು ಕೇಳುವಷ್ಟರಲ್ಲಿ ಗೇಟಿನ ಚಿಲಕ ಬಿದ್ದಿತ್ತು.