ಹತ್ತು ತೂತಿನ ಮುಚ್ಚಳ ಮತ್ತು ಒಂದು ಆಷಾಢ

ಜೀಪಿನ ಸ್ಟೇರಿಂಗ್ ಹಿಡಿದವನಿಗೆ ಪೆಟ್ರೋಲು ಮುಗಿದರೂ ಪೇಚಾಟ ಮುಗಿಯುವುದಿಲ್ಲ. ನನಗಂತೂ ಅದು ಸರದಿಯ ಮೇಲೆ ಬಂದು ವಕ್ಕರಿಸುತ್ತಿತ್ತು. ಒಂದೇ ತಿಂಗಳಲ್ಲಿ ಬಂದ ಕೆಲವು ಪೇಚಾಟಗಳನ್ನು ಇಲ್ಲಿ ಹೇಳುತ್ತೇನೆ.

ಅರವತ್ತರ ದಶಕದ ಮಾತು. ನಾನು ಮಧುವನಹಳ್ಳಿಯವನು, ಕೊಳ್ಳೇಗಾಲದ ಬಿದಿರು ಕಂಟ್ರಾಕ್ಟರರೊಬ್ಬರ ಬಳಿ ಡ್ರೈವರ್. ಜೀಪು ಮಿಲಿಟರಿಯವರು ಓಡಿಸಿ ಓಡಿಸಿ ಸಾಕಾಗಿ ಹರಾಜು ಹಾಕಿದ ಮಾಲು. ಮದುವೆಯಾಗಿ ಎರಡು ತಿಂಗಳಾಗಿತ್ತೋ ಇಲ್ಲವೋ, ಆಷಾಢ ಬಂತು. ನಮ್ಮ ಕಡೆ ಆ ತಿಂಗಳು ಹೊಸ ಹೆಂಡತಿ ತವರಿಗೆ ಹೋಗಬೇಕು, ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಅವರ ಹೊಸ್ತಿಲು ತುಳಿಯಬಾರದು. ನನ್ನವಳು ಹನೂರು ದಾಟಿ, ಕಾಡಂಚಿನ ಹೂಗ್ಯಂಗೆ ಹೊರಟುಹೋದಳು. ಮನೆಯಲ್ಲಿ ಅವಳ ಬಾಚಣಿಗೆ ಉಳಿದಿತ್ತು. ದಿನಾ ಅದನ್ನೊಂದು ಸಲ ಮುಟ್ಟಿ ಕೆಲಸಕ್ಕೆ ಹೋಗುತ್ತಿದ್ದೆ. ನಗಬೇಡಿ, ಅಷ್ಟು ನೆನಪಾಗುತ್ತಿದ್ದಳು.

೧. ಹಸಿರು ಸೀರೆ

ಆಷಾಢದ ಮೊದಲ ವಾರದಲ್ಲೇ ಸಾಹುಕಾರರು, "ಹೂಗ್ಯಂ ಕಡೆ ಬಿದಿರು ನೋಡ್ಕ ಬರ್ಬೇಕು ಕಣ್ಲಾ, ಗಾಡಿ ತಗಿ" ಅಂದರು. ನನಗೆ ಸ್ವರ್ಗ ಸಿಕ್ಕಂತಾಯಿತು. ಡ್ಯೂಟಿಯ ಮೇಲೆ ಬೀದಿಯಲ್ಲಿ ಹಾದುಹೋಗುವವನನ್ನು ಯಾವ ಶಾಸ್ತ್ರ ತಡೆಯುತ್ತದೆ? ಅತ್ತೆ ಮನೆಯವರು ನೀರು ಸೇದುವ ಬಾವಿ ರಸ್ತೆಯ ಪಕ್ಕದಲ್ಲೇ ಇದೆ. ಒಂದೇ ಒಂದು ಸಲ ಕಂಡರೆ ಸಾಕಿತ್ತು.

ಕಂಡಿತು! ಬಾವಿಯ ಹತ್ತಿರ ಹಸಿರು ಸೀರೆ. ಮದುವೆಗೆ ನಾನೇ ಆರಿಸಿ ತಂದಿದ್ದ ಸೀರೆ. ಕಣ್ಣು ಅಲ್ಲೇ ನೆಟ್ಟುಹೋಯಿತು. ಸೀರೆಯವಳು ತಿರುಗಿದಳು. ನಮ್ಮತ್ತೆ! ಮಗಳ ಸೀರೆ ಉಟ್ಟುಕೊಂಡು ನೀರಿಗೆ ಬಂದಿದ್ದರು. ಅವರು "ಅಯ್ಯಯ್ಯೋ ಅಳಿಮಯ್ಯ!" ಅಂತ ಸೆರಗು ಮುಖಕ್ಕೆಳೆದುಕೊಂಡು, ಬಿಂದಿಗೆ ಬಿಟ್ಟು ಓಡಿದರು. ಅಷ್ಟರಲ್ಲಿ ಜೀಪು ರಸ್ತೆ ಬಿಟ್ಟು ದೊಡ್ಡ ಕಲ್ಲೊಂದರ ಮೇಲೆ ಹತ್ತಿ, ಹಿಂದಕ್ಕೆ ಜಾರಿ ಕೂತಿತು. ಪಕ್ಕದಲ್ಲಿದ್ದ ಸಾಹುಕಾರರು ಹಣೆ ಚಚ್ಚಿಕೊಂಡರು.

ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಅಂತ ಒಂದು ಗುಂಡಗಿನ ಭಾಗವಿರುತ್ತದೆ. ಒಳಗೆ ಹಲ್ಲಿನ ಚಕ್ರ, ಆಯಿಲು. ಅದಕ್ಕೊಂದು ಕಬ್ಬಿಣದ ಮುಚ್ಚಳ, ಸುತ್ತ ಹತ್ತು ಬೋಲ್ಟು. ಆ ಮುಚ್ಚಳ ಸೀಳಿ, ಒಳಕ್ಕೆ ಸೊಟ್ಟಗಾಗಿ, ಆಯಿಲೆಲ್ಲ ನೆಲ ಕುಡಿದಿತ್ತು. ಜೀಪನ್ನು ಎತ್ತುಗಳು ಹನೂರಿನವರೆಗೆ ಎಳೆದವು, ಅಲ್ಲಿಂದ ಕೊಳ್ಳೇಗಾಲಕ್ಕೆ ಲಾರಿ ಎಳೆಯಿತು.

ರಿಪೇರಿ ಷೆಡ್ಡಿನ ಮೇಸ್ತ್ರಿ ಎಲ್ಲ ಕೇಳಿಕೊಂಡು ಹೇಳಿದ: "ಆಷಾಡ್ದಲ್ಲಿ ಅತ್ತೆ ಮೊಕ ನೋಡುದ್ರೆ ಅಳಿಯನ್ಗೆ ಕೇಡು ಅಂತಾರೆ. ಜೀಪ್ಗೂ ಅಂತ ಇವತ್ತೆ ಗೊತ್ತಾದ್ದು."

೨. ಎಂಟು ಸಾಕು

ಮುಚ್ಚಳ ಸಿಕ್ಕರೆ ಜೀಪು, ಜೀಪು ಹೊರಟರೆ ಹೂಗ್ಯಂ. ಹಾಗಾಗಿ ಸಾಹುಕಾರರಿಗಿಂತ ಆತುರ ನನಗೆ. ಮೇಸ್ತ್ರಿಯನ್ನು ಗುಜರಿ ಅಂಗಡಿಗೆ ಎಳೆದುಕೊಂಡು ಹೋದೆ. ಗುಜರಿಯವನು ಮೂರು ಮುಚ್ಚಳ ತಂದು ಮುಂದಿಟ್ಟ. ಒಂದು ಲಾರಿಯದು, ನಮ್ಮ ಜೀಪಿಗೆ ಕೊಡೆ ಹಿಡಿಯುವಷ್ಟಗಲ. ಇನ್ನೊಂದು ತುಕ್ಕು ಹಿಡಿದು ಹಪ್ಪಳವಾಗಿತ್ತು. ಮೂರನೆಯದು ಗಟ್ಟಿಮುಟ್ಟಾಗಿತ್ತು, ಆದರೆ ನಮ್ಮ ಒಡೆದ ಮುಚ್ಚಳದ ಮೇಲಿಟ್ಟು ನೋಡಿದರೆ ಎಂಟೇ ತೂತು ಕೂಡುತ್ತಿದ್ದವು.

"ಎಂಟ್ ಬೋಲ್ಟ್ ಕೂತ್ರೆ ಸಾಲ್ದಾ? ಇನ್ನೆರಡ್ರಲ್ಲಿ ಗಾಳಿಯಾಡ್ಲಿ ಬುಡಿ" ಅಂದ ಗುಜರಿಯವನು.

ನನಗೂ ಅದೇ ಸರಿ ಅನ್ನಿಸಿತು. "ಮೇಸ್ತ್ರಿ, ಎಂಟ್ ಸಾಕು ಕಣಣ್ಣ. ಒಂದ್ಸಲ ಓಗ್ ಬಂದ್ಬುಡ್ತೀನಿ" ಅಂತ ಗೋಗರೆದೆ. ಆಯಿಲು ಸೋರಿದರೆ ಸೋರಲಿ, ಹೂಗ್ಯಂವರೆಗೆ ಸೋರಿಕೊಂಡೇ ಹೋಗೋಣ ಅನ್ನುವ ಮಟ್ಟಕ್ಕೆ ಬಂದಿದ್ದೆ.

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎಣ್ ನೋಡಕ್ ಓದಾಗ್ಲೂ ಇಂಗೇಯ? ಒಂದ್ ಕಣ್ಣಿದ್ರೆ ಸಾಕು ಅಂದ್ಯಾ?"

೩. ಕಿವಿ ಇರುವ ಮುಚ್ಚಳ

ಕೊನೆಗೆ ಯಳಂದೂರಿನ ಬಸ್ಸು ಹತ್ತಿದೆ. ಮಾಂಬಳ್ಳಿಯಲ್ಲಿ ಆಲೆಮನೆಗೆ ಬೆಲ್ಲದ ಕೊಪ್ಪರಿಗೆ ಬಡಿದುಕೊಡುವ ಆಚಾರಿಯೊಬ್ಬರಿದ್ದರು. ಒಡೆದ ಮುಚ್ಚಳ ಕೊಟ್ಟು, "ತದ್ರೂಪು ಇಂಗೇ ಬೇಕು, ಬಿರ್ನೆ ಬೇಕು" ಅಂದೆ. ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. ನಾಲ್ಕು ದಿನ ಬೇರೆ ಕೆಲಸ ಮುಟ್ಟದೆ ಬಡಿದರು.

ಹೋಗಿ ನೋಡಿದರೆ ಮುಚ್ಚಳ ಫಳಫಳ ಅನ್ನುತ್ತಿದೆ. ಹತ್ತು ತೂತೂ ಕರಾರುವಾಕ್ಕು. ಜೊತೆಗೆ ಎರಡು ಕಡೆ ಎರಡು ದಪ್ಪ ಹಿಡಿಕೆ!

"ಇದ್ಯಾಕೆ ಆಚಾರ್ರೆ?"

"ಇಡ್ಕೆ ಇಲ್ದೆ ಬಿಸೀದ ಎಂಗಪ್ಪ ಇಳುಸ್ತೀಯ?"

ಅವರ ಜೀವಮಾನದಲ್ಲಿ ಹಿಡಿಕೆಯಿಲ್ಲದ್ದನ್ನು ಬಡಿದಿರಲಿಲ್ಲ, ಪಾಪ. ಮೇಸ್ತ್ರಿ ಹಿಡಿಕೆ ಕತ್ತರಿಸದೆಯೇ ಹಾಕಿ ನೋಡಿದ. ಆಳ ಸಾಲದೆ ಒಳಗಿನ ಹಲ್ಲುಚಕ್ರ ತಾಗಿ ಕರಕರ ಅಂದಿತು. ನನಗೆ ಅಳು ಬಂತು. ಮೇಸ್ತ್ರಿ ಅದನ್ನು ಬಿಚ್ಚಿ ತೊಳೆದು ಮನೆಗೆ ಒಯ್ದ. ಉಳಿದ ಆಷಾಢವಿಡೀ ಷೆಡ್ಡಿನವರೆಲ್ಲ ಅದರಲ್ಲಿ ಕರಿದ ಬೋಂಡ ತಿಂದರು. ನಾನೂ ತಿಂದೆ, ಚೆನ್ನಾಗಿತ್ತು.

೪. ಎಣಿಕೆ

ಅಮಾವಾಸ್ಯೆ ಕಳೆದ ಮಾರನೇ ದಿನವೇ ಹೊರಟೆ. ಹನೂರಿನವರೆಗೆ ಬಸ್ಸು, ಅಲ್ಲಿಂದ ಬಿದಿರಿನ ಲಾರಿ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಅನ್ನುವುದು ಮೊದಲನೆಯದು.

ಅವಳು ಬಾಗಿಲಲ್ಲೇ ನಿಂತಿದ್ದಳು. ಅದೇ ಹಸಿರು ಸೀರೆ, ತಲೆ ತುಂಬ ಹೂವು. ಬಾಯಿ ತೆರೆದೆ. ಅಷ್ಟರಲ್ಲಿ ಅಂಗಳದಲ್ಲಿ ಕೋಳಿಯೊಂದು ನೀರು ಕುಡಿಯುತ್ತಿರುವುದು ಕಂಡಿತು. ಕೋಳಿ ಕುಡಿಯುತ್ತಿದ್ದ ಬಟ್ಟಲು ಗುಂಡಗೆ, ಕಬ್ಬಿಣದ್ದು, ಅಂಚಿಗೆ ತೂತು. ಕೋಳಿಯನ್ನು ಅಟ್ಟಿ, ಮೊಣಕಾಲೂರಿ ಎಣಿಸಿದೆ. "ಒಂದು, ಎರಡು... ಒಂಬತ್ತು, ಹತ್ತು! ಹತ್ತು ಕಣೇ!" ಆಯಿಲು ಹೊಯ್ಯುವ ನಡುವಿನ ತೂತಿಗೆ ಮರದ ಬಿರಡೆ ಬಡಿದಿದ್ದರು, ಅಷ್ಟೆ. ನೀರು ಚೆಲ್ಲಿ ಎದೆಗಪ್ಪಿಕೊಂಡೆ.

ಮಾವ ಹೇಳಿದರು: "ಆಗೊಂದ್ ಕಾಲ್ದಲ್ಲಿ ಯಾರ್ದೊ ಜೀಪು ಅಳ್ಳಕ್ ಬಿದ್ದಿತ್ತು. ಊರೋರೆಲ್ಲ ಒಂದೊಂದ್ ತಕಂಡೋದ್ರು. ನಾ ಓಗೊ ವೊತ್ಗೆ ಇದೊಂದೆ ಉಳ್ದಿತ್ತು."

ಅತ್ತೆ, ಶ್ರಾವಣ ಶನಿವಾರಗಳು ಮುಗಿಯಲಿ, ಆಮೇಲೆ ಮಗಳನ್ನು ಕಳಿಸುತ್ತೇವೆ, ಮುಚ್ಚಳ ಬೇಕಾದರೆ ಈಗಲೇ ಒಯ್ಯಿ ಅಂದರು. ಬಾಗಿಲಲ್ಲೇ ನಿಂತಿದ್ದ ನನ್ನವಳು ಬಂದು ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡಳು.

"ಇದು ನನ್ ಕೋಳಿ ನೀರ್ ಕುಡ್ಯೋದು. ನಾ ಓದ್ರೆ ಇದೂ ಓಯ್ತದೆ, ಇಲ್ದಿದ್ರೆ ಇಲ್ಲ."

ಹೀಗೆ ಕೋಳಿ, ಮುಚ್ಚಳ, ಹೆಂಡತಿ ಮೂರನ್ನೂ ಲಾರಿಗೆ ಹತ್ತಿಸಿಕೊಂಡು ಹೊರಟೆ. ಅವಳು ಮುಖ ಆಚೆ ತಿರುಗಿಸಿ ಕೂತಳು. ಬಾವಿಯ ಹತ್ತಿರದ ಆ ಕಲ್ಲು ಬಂತು. ಸಮಾಧಾನ ಮಾಡೋಣ ಅಂತ, "ಇಲ್ಲೇ ಕಣೇ. ನಿನ್ನ ನೋಡ್ಬೇಕು ಅಂತ ಬಂದು ಇಲ್ಲೇ ಗುದ್ದಿದ್ದು" ಅಂದೆ.

"ಗೊತ್ತು. ನಾ ಜೀಪ್ ಸದ್ದು ಕೇಳಿ ಓಡ್ಬಂದು ರಸ್ತೆಗೆ ಈಚ್ಗಡೆ ನಿಂತಿದ್ನಲ್ಲ" ಅಂದಳು. ಮುಚ್ಚಳವನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು, ನನ್ನ ಭುಜಕ್ಕೆ ಒರಗಿ ಮುಂದುವರಿಸಿದಳು: "ನೀವು ಆಚ್ಗಡೆ ನಮ್ಮವ್ವನ್ನ ನೋಡ್ತಿದ್ರಿ."